ದಾರಿಯಲ್ಲಿ ತಿಮಿಂಗಿಲ ಎಚ್ಚರವಾಗಿತ್ತು

“ಇಂಜೆಕ್ಷನ್ ಕೊಟ್ಟು ಮಲಗಿಸಿದರು, ಕಣ್ಣು ಬಿಟ್ಟಾಗ ಹೊಸ ಕೊಳ. ಪಾಪದ ಪ್ರಾಣಿಗೆ ದಾರಿಯೇ ಗೊತ್ತಾಗಲಿಲ್ಲ.”

ದುಬೈಯ ಪಾರ್ಕಿನಿಂದ ಅಬುಧಾಬಿಯ ಪಾರ್ಕಿಗೆ ಬಿಳಿ ತಿಮಿಂಗಿಲವನ್ನು ಸಾಗಿಸಿದ ಬಗ್ಗೆ ಇಲ್ಲಿಯ ನಮ್ಮವರು ಇಂದಿಗೂ ಹೇಳುವುದು ಇದನ್ನೇ. ಊರಿನ ಓದುಗರು ಇದನ್ನು ನಂಬಬಾರದು. ಆ ದಿನ ಲಾರಿಯ ಮೇಲೆ, ನೀರು ತುಂಬಿದ ಪೆಟ್ಟಿಗೆಯ ಪಕ್ಕದಲ್ಲಿ, ಅದರ ಕಣ್ಣಿನಿಂದ ಒಂದು ಮೊಳ ದೂರಕ್ಕೆ ನಾನು ಕುಳಿತಿದ್ದೆ. ಆ ಕಣ್ಣು ದಾರಿಯುದ್ದಕ್ಕೂ ನನ್ನನ್ನೇ ನೋಡುತ್ತಿತ್ತು.

ನಾನು ಮಲ್ಪೆಯವನು, ಐದನೆಯ ತರಗತಿಗೆ ಶಾಲೆ ಬಿಟ್ಟು ದೋಣಿ ಹತ್ತಿದವನು. ಉಳಿದದ್ದನ್ನು ಓದಿ ಕಲಿತೆ. ಅಲ್ಲಿ ಸಮುದ್ರಕ್ಕೆ ಗೋಡೆಯಿರಲಿಲ್ಲ. ಇಲ್ಲಿ ಅದನ್ನೇ ಸೋಸಿ, ತಣ್ಣಗಾಗಿಸಿ, ಗಾಜಿನ ಹಿಂದೆ ನಿಲ್ಲಿಸುತ್ತಾರೆ. ಆ ಪಂಪುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ತಿಮಿಂಗಿಲದ ಜೊತೆಗೆ ನನ್ನ ವಾಸವೂ ದುಬೈಯ ಮಿರ್ದಿಫ್‌ನಿಂದ ಅಬುಧಾಬಿಯ ಬನಿಯಾಸ್‌ಗೆ ಬದಲಾಯಿತು. ಮಿರ್ದಿಫ್‌ನ ಕೋಣೆಯಲ್ಲಿ ತುಳುವಿನಲ್ಲಿ ಜಗಳವಾಡುವವರಾದರೂ ಇದ್ದರು. ಬನಿಯಾಸ್‌ನಲ್ಲಿ ನನ್ನದು ‘ಬೆಡ್ ಸ್ಪೇಸ್’, ಅಂದರೆ ಬಾಡಿಗೆಗೆ ಒಂದು ಮಂಚ ಮಾತ್ರ. ಸುತ್ತಲಿನ ಐವರ ಭಾಷೆ ನನಗೆ ಬಾರದು. ‘ಯಲ್ಲಾ’ ಎಂದರೆ ಹೊರಡು, ‘ಖಲಾಸ್’ ಎಂದರೆ ಮುಗಿಯಿತು. ಈ ಎರಡರಲ್ಲಿಯೇ ದಿನ ಕಳೆಯುತ್ತಿತ್ತು. ಹೆಂಡತಿ ಫೋನಿನಲ್ಲಿ “ಒಣಸ್ ಆಂಡಾ?” ಎಂದು ಊಟ ವಿಚಾರಿಸಿದರೆ, ಉಣ್ಣದಿದ್ದರೂ “ಆಂಡ್”, ಆಯಿತು, ಎನ್ನುತ್ತಿದ್ದೆ.

ತಿಮಿಂಗಿಲಕ್ಕೆ ಅಂಥ ಸುಳ್ಳು ಬಾರದು. ಹೊಸ ಕೊಳದಲ್ಲಿ ಅದು ನಾಲ್ಕು ದಿನ ಮೀನು ಮುಟ್ಟಲಿಲ್ಲ. ನಿದ್ದೆಯಲ್ಲಿ ಬಂದ ಪ್ರಾಣಿಗೆ ಪ್ರಯಾಣದಿಂದ ಏನಾಗಲು ಸಾಧ್ಯ, ಮೀನೇ ಕೆಟ್ಟಿರಬೇಕು ಎಂದು ಮೇಲ್ವಿಚಾರಕರು ತೀರ್ಮಾನಿಸಿದರು. ಮೀನು ಸಿದ್ಧಪಡಿಸುವ ಫಿಲೊಮಿನಾ ಬಾಯಿಯವರ ವೀಸಾ ರದ್ದಾಗುವುದರಲ್ಲಿತ್ತು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ಇಡೀ ಪಾರ್ಕಿನಲ್ಲಿ ನನ್ನೊಡನೆ ಕನ್ನಡ ಆಡುವವರು ಅವರೊಬ್ಬರೇ.

“ನೀವೇ ಹೇಳಿ ಸುಂದರಣ್ಣ, ಕೆಟ್ಟ ಮೀನು ನನಗೆ ಗೊತ್ತಾಗುದಿಲ್ವಾ?”

“ಅದು ನಿದ್ದೆ ಮಾಡ್ಲೇ ಇಲ್ಲ ಬಾಯಮ್ಮ. ನಾನು ಬರೆದಿಟ್ಟದ್ದು ಉಂಟು.”

“ನಿಮ್ಮದು ಎಲ್ಲದಕ್ಕೂ ಒಂದು ತಕರಾರು ಉಂಟಲ್ಲ ಮಾರಾಯ್ರೆ. ಇವತ್ತಾದ್ರೂ ಅದು ಉಪಯೋಗಕ್ಕೆ ಬರ್ಲಿ.”

ತಿಮಿಂಗಿಲ ಎಚ್ಚರದಿಂದಲೇ ಉಸಿರೆಳೆಯಬೇಕು; ಪೂರ್ತಿ ಮಲಗಿಸಿದರೆ ಉಸಿರು ನಿಂತೀತು. ಹೊರಡುವಾಗ ದುಬೈಯ ಡಾಕ್ಟರು ಕೊಟ್ಟದ್ದು ಶಾಂತವಾಗಿಡುವ ಮದ್ದು ಮಾತ್ರ. ಐದೈದು ನಿಮಿಷಕ್ಕೊಮ್ಮೆ ಅದರ ಉಸಿರು ಎಣಿಸಿ ಬರೆಯಲು ಅವರೇ ನನಗೆ ಹೇಳಿದ್ದರು. ಒಂದು ಕೈಯಿಂದ ಬೆನ್ನಿಗೆ ನೀರು ಹಾಕುತ್ತ ಇನ್ನೊಂದರಿಂದ ಬರೆದೆ. ತಪ್ಪು ನನ್ನದೇ: ಅವಸರದಲ್ಲಿ ಕೈಗೆ ಬಂದದ್ದು ಶಾಲೆಯ ಕನ್ನಡ ಅಂಕಿ. ಇಳಿಸುವಲ್ಲಿ ಗುಮಾಸ್ತರು ಅದನ್ನು ಗೀಚೆಂದು ಬಗೆದು ಹಾಳೆಯನ್ನು ನನಗೇ ಹಿಂತಿರುಗಿಸಿ, ವರದಿಯಲ್ಲಿ ‘ನಿದ್ರೆ’ ಎಂದು ಬರೆದುಕೊಂಡಿದ್ದರು.

ಹಾಳೆಯನ್ನು ಅಬುಧಾಬಿಯ ಡಾಕ್ಟರಮ್ಮನ ಮುಂದಿಟ್ಟೆ. “ಇವರು ತಮಗೆ ಬೇಕಾದ್ದನ್ನು ಓದಿ ಹೇಳಬಹುದು” ಎಂದರು ಮೇಲ್ವಿಚಾರಕರು. ಡಾಕ್ಟರಮ್ಮ ತಮ್ಮ ಫೋನಿನಲ್ಲಿ ಕನ್ನಡ ಅಂಕಿಗಳನ್ನು ಹುಡುಕಿ ಒಂದೊಂದಾಗಿ ತಾಳೆ ನೋಡಿದರು. ಯಾವ ಸಾಲು ಎಲ್ಲಿಯದೆಂದು ನಾನು ಹೇಳಿದೆ: ದುಬೈಯಲ್ಲಿ ಉಳಿದ ಜೊತೆಗಾತಿ ತಿಮಿಂಗಿಲದ ಶಿಳ್ಳೆ ಕೇಳಿಸುತ್ತಿದ್ದ ಪಾರ್ಕಿನ ಗೇಟಿನವರೆಗೆ ೭. ಗೇಟು ದಾಟಿದ ಮೇಲೆ ೧೬. ಕೊನೆಯ ಸಾಲಿನಲ್ಲಿಯೂ ೧೬. ನಿದ್ದೆಯಲ್ಲಿದ್ದ ಪ್ರಾಣಿಯ ಉಸಿರು ಹೀಗೆ ಏರುವುದಿಲ್ಲ.

“ವೀಸಾ ಮಾತು ಖಲಾಸ್,” ಎಂದರು ಡಾಕ್ಟರಮ್ಮ. “ಆ ಇನ್ನೊಂದನ್ನು ಬೇಗ ತರಿಸಿ.”

ಜೊತೆಗಾತಿ ಬಂದ ದಿನ ತಿಮಿಂಗಿಲ ಬಾಯಮ್ಮನ ಬಕೆಟ್ಟಿನ ಮೀನನ್ನೇ ತಿಂದಿತು. ನಾನು ಮಂಚಕ್ಕೆ ಮರಳಿ, ತಣ್ಣಗಿನ ಗಂಜಿಯನ್ನು ಒಬ್ಬನೇ ಉಂಡೆ. ಅಂದು ಹೆಂಡತಿಗೆ “ಆಂಡ್” ಎಂದದ್ದು ನಿಜವಾಗಿತ್ತು.

ಇಲ್ಲಿಯ ನಮ್ಮವರ ಕೂಟಗಳಲ್ಲಿ ಆ ನಿದ್ದೆಯ ಕಥೆ ಬದಲಾಗಿಲ್ಲ. ಆದರೆ ಉಪ್ಪುನೀರಿನ ಕಲೆಯುಳ್ಳ ಆ ಹಾಳೆ ಪಂಪುಕೋಣೆಯ ಗೋಡೆಯಲ್ಲಿದೆ. ಯಾರು ಬೇಕಾದರೂ ನೋಡಬಹುದು. ಹಾದುಹೋಗುವವರಿಗೆ ಅದು ಗೀಚು. ಫೋನಿನ ಸಹಾಯವಿಲ್ಲದೆ ಅದನ್ನು ಓದಬಲ್ಲವರು ಊರಿನಲ್ಲಿದ್ದಾರೆ; ಹಾಳೆಯೂ ಬರೆದವನೂ ಇಲ್ಲಿದ್ದೇವೆ.