ತಾತನ ಹೂಂ

ಸಂಗೀತಾ ಓದುತ್ತಿರುವುದು ಏನೆಂದು ಬನಶಂಕರಿಯ ನಮ್ಮ ಬೀದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮೀಡಿಯಾದಲ್ಲಿ ಎಂ.ಎ. ಅಂದರೆ ಸಾಕು, "ಟಿವಿಲಿ ಯಾವಾಗ ಬರ್ತೀಯಮ್ಮಾ?" ಎಂದು ಕೇಳುತ್ತಾರೆ. ನಾನೂ ಕೇಳಿದ್ದೇನೆ. ಜೆ.ಪಿ. ನಗರದ ಆ ಕಾಲೇಜಿನಲ್ಲಿ ಬೆಳಿಗ್ಗೆ ಸಮಾಜಶಾಸ್ತ್ರ, ಮಧ್ಯಾಹ್ನ ಕ್ಯಾಮೆರಾ, ನಡುವೆ ಅಂಕಿಅಂಶ. ಎಲ್ಲವನ್ನೂ ಒಟ್ಟಿಗೆ ಕಲಸುವ ಈ ಓದಿನ ಮೇಲೆ ನನಗೆ ಅಷ್ಟೇನೂ ನಂಬಿಕೆ ಇರಲಿಲ್ಲ.

ಕೊನೆಯ ಸೆಮಿಸ್ಟರಿಗೆ ಅವಳು ಒಂದು ಸಾಕ್ಷ್ಯಚಿತ್ರ ಮಾಡಬೇಕಿತ್ತು. ಆರಿಸಿಕೊಂಡದ್ದು ತನ್ನ ತಾತ ಶಾಂತವೀರಪ್ಪನವರನ್ನು. ಜಯನಗರದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು, ಗಿರಾಕಿಗಳ ಜೊತೆ ದಿನವಿಡೀ ಮಾತಾಡುತ್ತಿದ್ದ ಮನುಷ್ಯ. ಹೋದ ವರ್ಷ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿತು, ಮಾತು ನಿಂತಿತು. ಉಳಿದದ್ದು ಒಂದು "ಹೂಂ" ಮಾತ್ರ.

ಇಷ್ಟಲಿಂಗದ ಪೂಜೆಗೆ ಎಡ ಅಂಗೈ ಬೇಕು. ಲಿಂಗವನ್ನು ಅಲ್ಲಿಟ್ಟುಕೊಂಡೇ ವಿಭೂತಿ ಹಚ್ಚಿ ಪತ್ರೆ ಏರಿಸುವುದು. ತಾತನ ಕೈ ನಿಲ್ಲದ ಕಾರಣ ಅಜ್ಜಿ ಸಿದ್ದಗಂಗಮ್ಮ ದಿನಾ ಬೆಳಿಗ್ಗೆ ಆ ಕೈಯ ಕೆಳಗೆ ತಮ್ಮ ಕೈ ಕೊಟ್ಟು ಕೂರುತ್ತಾರೆ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು. ಒಬ್ಬರ ಲಿಂಗ ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂಬುದು ಆ ಮನೆಯ ಕಟ್ಟುನಿಟ್ಟು. ಕಟ್ಟಿಕೊಂಡ ಹೆಂಡತಿಯೂ ನೋಡುವಂತಿಲ್ಲ.

"ತಾತ, ಪೂಜೆ ಶೂಟ್ ಮಾಡ್ಲಾ?" ಎಂದು ಸಂಗೀತಾ ಕ್ಯಾಮೆರಾ ಆನ್ ಮಾಡಿಕೊಂಡೇ ಕೇಳಿದಳು. ತಾತ ಹೂಂ ಅಂದರು. ಅವಳು ಕ್ಯಾಮೆರಾ ಹಿಡಿದು ಎದುರಿಗೇ ಕೂತಳು. ಪೂಜೆಯ ಹೊತ್ತಿನಲ್ಲಿ ಮಾತಾಡಬಾರದೆಂದು ಅಜ್ಜಿ ಗೋಡೆ ನೋಡುತ್ತಾ ಸುಮ್ಮನಿದ್ದರು.

ಕಾಲೇಜಿನಲ್ಲಿ ಸಿನಿಮಾ ಕಲಿಸುವ ಸೌಮ್ಯ ಮೇಡಂ ಅದನ್ನು ನೋಡಿ, "ಇದೇ ಕಣೇ ನಿನ್ನ ಫಿಲ್ಮ್. ಉಳಿದಿದ್ದೆಲ್ಲ ಬಿಟ್ಟಾಕು" ಎಂದರು. ಸಮಾಜಶಾಸ್ತ್ರದ ವಸಿಷ್ಠ ಸರ್ ಮಾತ್ರ, "ಅವರು ನಿಜವಾಗ್ಲೂ ಒಪ್ಕೊಂಡ್ರೇನಮ್ಮ?" ಎಂದು ಕೇಳಿದರು. ಅವಳಿಗೆ ಸಿಟ್ಟು ಬಂತು. "ಹೂಂ ಅಂದಿದ್ದು ರೆಕಾರ್ಡ್ ಆಗಿದೆ ಸಾರ್" ಎಂದು ಬಂದುಬಿಟ್ಟಳು.

ಆದರೂ ಮನೆಗೆ ಬಂದವಳಿಗೆ ಮನಸ್ಸು ತಡೆಯಲಿಲ್ಲ. ತಾತನ ಮುಂದೆ ಕೂತು, "ತಾತ, ನಿಮ್ ಹೆಸರು ರವಿಕುಮಾರ್ ಅಲ್ವಾ?" ಎಂದಳು. ತಾತ ಅವಳ ಮುಖವನ್ನೇ ನೋಡುತ್ತಾ ಹೂಂ ಅಂದರು. "ನಾನು ನಿಮ್ಮ ಅಕ್ಕ ಅಲ್ವಾ?" ಅದಕ್ಕೂ ಹೂಂ. ಅವಳು ಎದ್ದು ಅಡುಗೆಮನೆಗೆ ಹೋಗಿ ಅತ್ತಳು.

"ತಾತಂಗೆ ಏನೂ ತಿಳಿಯಲ್ಲ ಅಜ್ಜಿ. ಸುಮ್ನೆ ಹೂಂ ಅಂತಾರೆ."

ಅಜ್ಜಿ ಗ್ಯಾಸ್ ಸಣ್ಣ ಮಾಡಿದರು. "ಯಾರಂದ್ರು ತಿಳಿಯಲ್ಲ ಅಂತ? ಉಪ್ಪಿಟ್ಟು ಕೊಟ್ರೆ ತಟ್ಟೆ ಆ ಕಡೆ ತಳ್ತಾರೆ. ಸೂಜಿ ಕಂಡ್ರೆ ಕೈ ಹಿಂದಕ್ಕೆ ಎಳ್ಕೋತಾರೆ. ನೀನು ಕೇಳಿದ್ದಕ್ಕೆ ಮಾತ್ರ ಹೂಂ. ನೀನು ಹುಟ್ಟಿದಾಗ್ಲಿಂದ ನಿಂಗೊಂದ್ಸಲ ಇಲ್ಲ ಅಂದಿದಾರಾ ಹೇಳು? ಆವತ್ತು ನೀನು ಎದುರಿಗೆ ಕೂತಿದ್ದಾಗ ಬಲಗೈ ಎಷ್ಟು ಸಲ ತಪ್ತು ಗೊತ್ತಾ? ಬೇರೆ ದಿನ ಒಂದೂ ಬೀಳದ ಪತ್ರೆ ಎಲ್ಲಾ ನನ್ನ ಮಡಿಲಿಗೇ ಬಿತ್ತು ಕಣೇ."

ಇದನ್ನೆಲ್ಲ ನನಗೆ ಹೇಳಿದ್ದು ಅಜ್ಜಿಯೇ. ಹುಡುಗಿ ಆಮೇಲೆ ಸರಿಯಾಗಿ ಊಟ ಕೂಡ ಮಾಡಲಿಲ್ಲವಂತೆ. ಆ ದೃಶ್ಯ ಇಲ್ಲದಿದ್ದರೆ ಒಳ್ಳೆಯ ದರ್ಜೆ ಕೈತಪ್ಪುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅಳಿಸಿಹಾಕಿದಳು, ಎಲ್ಲೂ ಒಂದು ಪ್ರತಿ ಉಳಿಸಿಕೊಳ್ಳದೆ. ಮಿಕ್ಕ ಚಿತ್ರವನ್ನು ನಾನೂ ನೋಡಿದೆ. ಸಪ್ಪೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಹುಡುಗಿಯ ಮೇಲೆ ನನಗೆ ಆ ದಿನ ಹುಟ್ಟಿದ ಗೌರವ ಇವತ್ತಿಗೂ ಇದೆ.

ವೈವಾದ ದಿನ ಸೌಮ್ಯ ಮೇಡಂ ಬೇಜಾರಿನಲ್ಲೇ ಕೇಳಿದರಂತೆ, "ಆ ಶಾಟ್ ಯಾಕೆ ತೆಗೆದಾಕಿದೆ? ನಿಮ್ಮ ತಾತನೇ ಹೂಂ ಅಂದಿದ್ರಲ್ಲ?"

"ನನ್ನ ಹತ್ರ ಬೇಡ ಅನ್ನೋಕೆ ತಾತಂಗೆ ಬರಲ್ಲ ಮೇಡಂ" ಎಂದಳಂತೆ ಸಂಗೀತಾ. "ಅದಕ್ಕೇ ಅವರ ಬದಲು ನಾನಂದೆ."