ಹಿಂದಿನ ಸೀಟಿನ ಚಾಚಾ

ಅವರ ಬಲಗಾಲಿನ ಚಪ್ಪಲಿ ಯಾವಾಗಲೂ ಎಡಗಾಲಿನದಕ್ಕಿಂತ ಮೊದಲು ಸವೆಯುತ್ತಿತ್ತು. ಹೆಬ್ಬೆರಳಿನ ಕೆಳಗೆ ನಾಣ್ಯದಷ್ಟು ಜಾಗ ತೆಳ್ಳಗಾಗಿ, ಆಮೇಲೆ ತೂತೇ ಬೀಳುತ್ತಿತ್ತು. ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸದಿಂದ ಅವರು ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದರೂ ಆ ಕಾಲಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಾಗ ಓಣಿಯಲ್ಲಿ ಯಾರಾದರೂ ಸೈಕಲ್ಲನ್ನು ಜೋರಾಗಿ ಓಡಿಸಿಕೊಂಡು ಬಂದರೆ ಸಾಕು, ಅವರ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತುತ್ತಿತ್ತು. ಸೈಕಲ್ ನಿಲ್ಲುತ್ತಿರಲಿಲ್ಲ, ಚಹಾ ಮಾತ್ರ ಕಪ್ಪಿನ ಕೆಳಗಿನ ಬಸಿಗೆ ಚೆಲ್ಲುತ್ತಿತ್ತು.

ವಿಜಯಪುರದ ಸೊಲ್ಲಾಪುರ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಹುಟ್ಟುವ ಮೊದಲಿನಿಂದಲೂ ಅವರು ಅಲ್ಲಿದ್ದವರು. ಹಾಗಾಗಿ ಅವರನ್ನು ಚಾಚಾ ಎಂದು ಕರೆಯಲು ಯಾವಾಗ ಕಲಿತೆನೋ ನೆನಪಿಲ್ಲ. ಅವರು ನಾಲ್ಕು ಜನರ ಎದುರಿಗೆ ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು, ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ. ಮನೆಯಲ್ಲಿ ಮಾತ್ರ ನಾನು ‘ಯವ್ವಾ’.

ನನ್ನ ಶಾಲೆ ಇರುವುದು ತಿಕೋಟಾ ದಾಟಿ, ಘೋಣಸಗಿಯ ಹತ್ತಿರದ ತೋಟದ ವಸ್ತಿಯಲ್ಲಿ. ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಅವ್ವನಿಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋದ ಮೇಲೆ, ಆಕೆ ಮಲಗುವ ಕಾಟನ್ನು ಓಣಿಯ ಕಡೆಯ ಕಿಟಕಿಗೆ ಹಚ್ಚಿ ಹಾಕಿ, ಹಗಲು ನೋಡಿಕೊಳ್ಳಲು ಒಬ್ಬ ಮೌಶಿಯನ್ನು ಇಟ್ಟಿದ್ದೆ. ಸಂಜೆ ಐದಕ್ಕೆ ಮೌಶಿ ಸೆರಗು ಕೊಡವಿ ಎದ್ದಳೆಂದರೆ ಎದ್ದಳು. ಅವಳ ಮನೆಯಲ್ಲೂ ಒಲೆ ಹಚ್ಚಬೇಕಲ್ಲ. ನನ್ನ ಬಸ್ಸು ಮಾತ್ರ ತನಗೆ ತಿಳಿದಾಗ ಬರುತ್ತಿತ್ತು.

ತಡವಾದ ದಿನ ಚಾಚಾನ ಹೆಂಡತಿ, ನಮ್ಮ ಚಾಚಿ, ಬಂದು ಅವ್ವನ ಹತ್ತಿರ ಕೂಡುತ್ತಿದ್ದರು. ಆದರೆ ಮೊಣಕಾಲು ನೋವಿನ ಚಾಚಿಗೆ ಅವ್ವನನ್ನು ಎತ್ತಿ ಕೂಡಿಸುವ ಶಕ್ತಿ ಎಲ್ಲಿಂದ ಬರಬೇಕು? ಒಂದು ಸಂಜೆ ನಾನು ಬಂದು ನೋಡಿದರೆ ಇಬ್ಬರೂ ನೆಲದ ಮೇಲೆ ಕುಳಿತಿದ್ದರು. ಅವ್ವ ಕಾಟಿನಿಂದ ಜಾರಿದ್ದಳು, ಎತ್ತಲು ಹೋದ ಚಾಚಿಯೂ ಕುಸಿದು ಕುಳಿತಿದ್ದರು. ಚಾಚಾ ಬಜಾರಕ್ಕೆ ಹೋಗಿದ್ದರು. ಇಬ್ಬರಿಗೂ ಏಳಲಾಗದೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನನ್ನ ದಾರಿ ಕಾಯುತ್ತಿದ್ದರು. ಚಾಚಿ ನನ್ನನ್ನು ನೋಡಿ ನಕ್ಕರು. ನನಗೆ ಅಳು ಬಂತು.

ರಾತ್ರಿ ಊಟದ ಹೊತ್ತಿಗೆ ಚಾಚಾ ವಿಚಾರಿಸಲು ಬಂದಾಗ ಹೇಳಿಬಿಟ್ಟೆ, “ನೌಕರಿ ಬಿಡ್ತೇನ್ರಿ ಚಾಚಾ.”

“ಬಸ್ ತಪ್ಪತೈತಿ ಅಂತ ಯಾರರೆ ನೌಕರಿ ಬಿಡ್ತಾರೇನ?” ಅಂದರು. “ಒಂದು ಹಳೀ ಕಾರ್ ತಗೋ.”

ಜೀವನವಿಡೀ ಬಸ್ಸು ಓಡಿಸಿದ ಮನುಷ್ಯ ಹೇಳಿದ ಮಾತಿದು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಕಾಲದಲ್ಲಿ ನಾನು ಕಾರು ಹುಡುಕಲು ಹೊರಟದ್ದು ಶಾಲೆಯಲ್ಲಿ ಎಲ್ಲರಿಗೂ ನಗೆಯ ವಿಷಯವಾಯಿತು. ನನ್ನ ಹತ್ತಿರ ಇದ್ದ ದುಡ್ಡಿಗೆ ಒಂದು ಹೊಸ ಸ್ಕೂಟರು ಬರುತ್ತಿತ್ತು, ಇಲ್ಲವೇ ನಾಲ್ಕಾರು ಕೈ ದಾಟಿದ ಕಾರು. ಅವ್ವನನ್ನು ದವಾಖಾನೆಗೆ ಸ್ಕೂಟರಿನ ಮೇಲೆ ಒಯ್ಯುವುದು ಸಾಧ್ಯವಿರಲಿಲ್ಲ. ಲೈಸೆನ್ಸು ಮೊದಲೇ ಇತ್ತು, ಓಡಿಸಲು ಕಾರು ಇರಲಿಲ್ಲ ಅಷ್ಟೆ.

ಬಬಲೇಶ್ವರದಲ್ಲಿ ಬೀಜ ಗೊಬ್ಬರದ ಅಂಗಡಿಯವರೊಬ್ಬರು ತಮ್ಮ ಸಣ್ಣ ಬಿಳಿ ಕಾರು ಕೊಡುತ್ತಾರೆಂದು ತಿಳಿದು ಇಬ್ಬರೂ ಬಸ್ಸು ಹತ್ತಿ ಹೋದೆವು. ಬಿಳಿ ಅನ್ನುವುದು ಅಂಗಡಿಯವರ ಮಾತು. ಬಾಗಿಲಿನ ಕೆಳಗೆಲ್ಲ ತುಕ್ಕು ಹಿಡಿದಿತ್ತು, ಒಳಗೆ ಗೊಬ್ಬರದ ವಾಸನೆ. ಅವರು ಬಾನೆಟ್ ಎತ್ತಿ ಇಂಜಿನ್ ತೋರಿಸಲು ನಿಂತರು. ಚಾಚಾ ಅತ್ತ ತಿರುಗಿಯೂ ನೋಡಲಿಲ್ಲ. ಹಿಂದಿನ ಬಾಗಿಲು ತೆಗೆದು, ಎಡಗಡೆ ಒರಗಿ ಕುಳಿತು, “ಮಮದಾಪುರದ ಕಡಿಗೆ ಹೊಡೀರಿ” ಎಂದು ಅಂಗಡಿಯವರಿಗೆ ಹೇಳಿ ಕಣ್ಣು ಮುಚ್ಚಿದರು.

ಹೋಗಿ ಬರುವವರೆಗೂ ಕಣ್ಣು ತೆಗೆಯಲಿಲ್ಲ. ತಗ್ಗಿನಲ್ಲಿ ಕಾರು ಕುಣಿದಾಗ ಒಂದೆರಡು ಸಲ ಹೂಂ ಎಂದರು. ಬೆವರು ಸುರಿಸಿ ಕೂಡಿಟ್ಟ ದುಡ್ಡಿನ ಕಾರನ್ನು ಈ ಮನುಷ್ಯ ನಿದ್ದೆಗಣ್ಣಲ್ಲಿ ಆರಿಸುತ್ತಿದ್ದಾರಲ್ಲ ಎಂದು ನಾನು ಮುಂದಿನ ಸೀಟಿನಿಂದ ತಿರುಗಿ ತಿರುಗಿ ನೋಡುತ್ತಿದ್ದೆ. ಅಂಗಡಿಯವರಿಗೂ ಮೋಜು ಅನಿಸಿರಬೇಕು.

“ಏನ್ ಚಾಚಾ, ನಿದ್ದಿ ಆತೇನ್ರಿ?”

“ಹತ್ತಿತ್ತು ನೋಡ್ರಿ. ಹಿಂದ ಕುಂತಾಂವಗ ನಿದ್ದಿ ಬಂತಂದ್ರ ಗಾಡಿ ಚೊಲೋ ಐತಿ ಅಂತನ ಅರ್ಥ,” ಅಂದವರು ನನ್ನ ಕಡೆ ತಿರುಗಿ, “ತಗೋರಿ ಅಕ್ಕಾರ” ಎಂದರು. ತೆಗೆದುಕೊಂಡೆ.

ಅಂದಿನಿಂದ ಆ ಎಡಗಡೆಯ ಹಿಂದಿನ ಸೀಟು ಅವರದೇ ಆಯಿತು. ಮುಂದೆ ಬನ್ನಿ ಎಂದರೆ ಬರುತ್ತಿರಲಿಲ್ಲ. “ಮುಂದ ಕುಂತ್ರ ಈ ಕಾಲು ಬ್ರೇಕ್ ಹುಡುಕತೈತಿ ಯವ್ವಾ. ಇಲ್ಲದ ಬ್ರೇಕ್ ಒತ್ತಿ ಒತ್ತಿ ಮೊಣಕಾಲ ನೋಯತೈತಿ.” ಕಣ್ಣು ಮಂಜಾಗಿ ಸ್ವತಃ ಓಡಿಸುವುದನ್ನು ಅವರು ಬಿಟ್ಟಿದ್ದರು. ನನಗೆ ರೂಢಿಯಾಗುವ ತನಕ ಜೊತೆಗೆ ಬರುತ್ತೇನೆ ಎಂದವರು ರೂಢಿಯಾದ ಮೇಲೂ ಬಿಡಲಿಲ್ಲ. ತಿಕೋಟಾದಲ್ಲಿ ಇಳಿದು, ಚಹಾದ ಅಂಗಡಿಯಲ್ಲಿ ಹಳೆಯ ಗೆಳೆಯರೊಂದಿಗೆ ಹರಟೆ ಹೊಡೆದು, ಅಲ್ಲಿಯೇ ನಮಾಜು ಮುಗಿಸಿ, ಮಧ್ಯಾಹ್ನದ ಮೇಲೆ ನಾನು ತಿರುಗಿ ಬರುವಾಗ ಸೀಟಿಗೆ ಹಾಜರು.

ಹೊರಡುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ಕಾರಿನ ಬಾಗಿಲನ್ನು ಪಟಪಟ ಬಡಿದು “ರೈಟ್, ರೈಟ್” ಎನ್ನುತ್ತಿದ್ದರು. ಅದಿಲ್ಲದೆ ನಾನು ಗೇರು ಹಾಕುವಂತಿಲ್ಲ. “ಇಷ್ಟ ವರ್ಷ ಕಂಡಕ್ಟರ್ ಹೇಳಿದ್ದ ಕೇಳೇನಿ. ಈಗರೆ ನಾ ಹೇಳಬ್ಯಾಡೇನ?” ಕಿಟಕಿಯೊಳಗಿನಿಂದ ಅವ್ವ ಇದನ್ನೆಲ್ಲ ನೋಡುತ್ತಿದ್ದಳು. ಲಕ್ವಾ ಆದ ಮೇಲೆ ಅವಳ ಮುಖದ ಅರ್ಧ ಭಾಗ ಮಾತ್ರ ನಗುತ್ತಿತ್ತು, ಆ ಅರ್ಧ ದಿನಾಲೂ ನಗುತ್ತಿತ್ತು.

ಕಾರಿನ ನಿಜವಾದ ಗುಣ ಬೇಸಿಗೆ ಬಂದಾಗ ತಿಳಿಯಿತು. ಒಂದು ದಿನ ಶಾಲೆಯಿಂದ ಬರುವಾಗ ತಿಕೋಟಾದಲ್ಲಿ ಚಾಚಾ ಹತ್ತಿ, ಊರು ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. ಬಾನೆಟ್ಟಿನಿಂದ ಹೊಗೆಯಂತೆ ಆವಿ ಎದ್ದಿತು. ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಬಾನೆಟ್ ಎತ್ತಿದರೆ ಒಳಗೆ ಕೊತಕೊತ ಸದ್ದು. ಚಾಚಾ ಇಳಿದು ಬಂದು, ಕೈ ಹಿಂದೆ ಕಟ್ಟಿಕೊಂಡು, ಪಕ್ಕದ ಮನೆಯವರ ಜಗಳ ನೋಡುವವರ ಹಾಗೆ ಬಗ್ಗಿ ನೋಡಿದರು.

“ಏನಾಗೇತ್ರಿ ಚಾಚಾ?”

“ನನಗೇನ ಗೊತ್ತ ಯವ್ವಾ?”

“ನಿಮಗ ರಿಪೇರಿ ಬರೂದಿಲ್ಲೇನ್ರಿ?”

“ನಾ ಡ್ರೈವರ್. ಇಂಜಿನ್ ಡಿಪೋದವ್ರ ಕೆಲಸ. ಗಾಡಿ ನಿಂತ್ರ ಡಿಪೋಕ್ಕ ಸುದ್ದಿ ಮುಟ್ಟಸೂದು, ಪ್ಯಾಸೆಂಜರ್‌ನ್ನ ಹಿಂದ ಬಂದ ಗಾಡಿಗೆ ಹತ್ತಸೂದು, ಡಿಪೋದವ್ರು ಬರೂತನಾ ಗಾಡಿ ಕಾಯೂದು. ಇಷ್ಟ ನನಗ ಬರತೈತಿ.”

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಕಣ್ಣು ಮುಚ್ಚಿಕೊಂಡು ಕಾರು ಆರಿಸಿದವರು, ಹಿಂದೆ ಕುಳಿತವರಿಗೆ ರೇಡಿಯೇಟರ್ ಸೋರುವುದು ಹೇಗೆ ಕಾಣಬೇಕು, ಇಲ್ಲಿ ಯಾವ ಡಿಪೋ ಇದೆ ಎಂದೆಲ್ಲ ಕೂಗಾಡಿದೆ. ಚಾಚಾ ರಸ್ತೆಗೆ ಹೋಗಿ ಕೈ ಅಡ್ಡ ಹಾಕಿ, ಬರುತ್ತಿದ್ದ ಒಂದು ದ್ರಾಕ್ಷಿ ಸಾಗಿಸುವ ಟೆಂಪೊ ನಿಲ್ಲಿಸಿದರು.

“ನೀ ಹೊಂಡು. ಮೌಶಿ ಐದಕ್ಕ ಏಳ್ತಾಳ.”

“ನೀವೂ ಬರ್ರಿ. ಲಾಕ್ ಮಾಡಿ ಹೋಗೂಣು.”

“ಗಾಡಿ ಬಿಟ್ಟು ಡ್ರೈವರ್ ಹೋಗಬಾರದು.”

“ಡ್ರೈವರ್ ನಾ ಅದೇನ್ರಿ!”

“ಇವತ್ತ ನೀ ಪ್ಯಾಸೆಂಜರ್. ಮನ್ಯಾಗ ಯಾರ ಹಾದಿ ನೋಡಾಕತ್ತಾರೋ ಅವ್ರ ಪ್ಯಾಸೆಂಜರ್. ಹತ್ತು, ಹತ್ತು.” ಟೆಂಪೊದ ಬಾಗಿಲನ್ನು ಬಡಿದು ಅದಕ್ಕೂ ರೈಟ್ ಹೇಳಿದರು.

ನಾನು ಮನೆ ಮುಟ್ಟಿದಾಗ ಮೌಶಿ ಚಪ್ಪಲಿ ಮೆಟ್ಟುತ್ತಿದ್ದಳು. ಅವ್ವನಿಗೆ ಗಂಜಿ ಕುಡಿಸಿದೆ, ಬಟ್ಟೆ ಬದಲಿಸಿದೆ, ಆದರೆ ಮನಸ್ಸೆಲ್ಲ ಆ ಬೇವಿನ ಮರದ ಕೆಳಗಿತ್ತು. ಫೋನು ಮಾಡಿದರೆ “ಆರಾಮ ಅದೇನಿ, ನೆರಳೈತಿ” ಎಂಬ ಉತ್ತರ. ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ಟ್ರ್ಯಾಕ್ಟರ್ ಸದ್ದಾಯಿತು. ಹಿಂದೆ ಹಗ್ಗಕ್ಕೆ ಕಟ್ಟಿದ ನನ್ನ ಕಾರು. ಸ್ಟಿಯರಿಂಗ್ ಹಿಡಿದು ಚಾಚಾ! ಮಂಜುಗಣ್ಣಿನ ಮನುಷ್ಯ ಈ ಕೆಲಸ ಮಾಡಬಾರದಿತ್ತು. ಬೈಯಬೇಕೆಂದು ಹೋದವಳು ಅವರ ಮುಖ ನೋಡಿ ಕಾರಿನ ಬಾಗಿಲು ತೆಗೆದು ನಿಂತೆ. ಅಷ್ಟು ಖುಷಿಯ ಮುಖವನ್ನು ನಾನು ಅವರಲ್ಲಿ ಮತ್ತೆ ನೋಡಲಿಲ್ಲ. “ಇಂಜಿನ್ ಬಂದ್ ಇತ್ತು. ಆದ್ರೂ ನಾನ ಹೊಡಕೊಂಡ ಬಂದೆ ನೋಡ್,” ಅಂದರು.

ಸೊಲ್ಲಾಪುರ ರಸ್ತೆಯ ಮೆಕ್ಯಾನಿಕ್ ಬೇರೊಂದು ಹಳೆಯ ರೇಡಿಯೇಟರ್ ಕೂಡಿಸಿಕೊಟ್ಟ. ಚಾಚಾ ಅವನ ಅಂಗಡಿಗೆ ಡಿಪೋ ಎಂದು ಹೆಸರಿಟ್ಟರು. ಡಿಕ್ಕಿಯಲ್ಲಿ ಯಾವಾಗಲೂ ನೀರಿನ ಕ್ಯಾನು ಇರಬೇಕು ಎಂಬ ನಿಯಮ ಬಂತು. ಹಳೆಯ ಕಾರು ಸಾಕುವುದೆಂದರೆ ವಯಸ್ಸಾದವರನ್ನು ನೋಡಿಕೊಂಡ ಹಾಗೆ. ಒಂದು ಸರಿಯಾದರೆ ಇನ್ನೊಂದು. ವೈಪರ್ ಆಯಿತು, ಕ್ಲಚ್ ಆಯಿತು, ಟೈರ್ ಆಯಿತು. ಒಂದೊಂದು ತಿಂಗಳು ಒಂದೊಂದನ್ನು ಮಾಡಿಸುತ್ತ, ಉಳಿದದ್ದನ್ನು ಸಹಿಸುತ್ತ ನಡೆಸಿದೆ. ಆದರೆ ಐದರೊಳಗೆ ಮನೆ ಮುಟ್ಟುವುದು ತಪ್ಪಲಿಲ್ಲ.

ಚಾಚಾಗೆ ಆರಾಮ ತಪ್ಪಿದ್ದು ಒಂದು ಭಾನುವಾರ. ಚಾಚಿ ಗೋಡೆ ಬಡಿದಾಗ ಓಡಿ ಹೋದೆ. ಅವರಿಗೆ ಉಸಿರು ಸಿಗುತ್ತಿರಲಿಲ್ಲ, ಎದೆ ಹಿಡಿದುಕೊಂಡಿದ್ದರು. ಅವರ ಮಗ ಸೊಲ್ಲಾಪುರದಲ್ಲಿ ಚಾದರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಓಣಿಯವರು ಸೇರಿ ಚಾಚಾನನ್ನು ಅವರ ಸೀಟಿಗೇ ಕೂಡಿಸಿದರು. ಭಾನುವಾರ ಮೌಶಿ ಬರುವುದಿಲ್ಲ, ಅವ್ವ ಒಬ್ಬಳೇ. ನಾನು ಬಾಗಿಲಲ್ಲಿ ಅತ್ತಿತ್ತ ನೋಡುವುದನ್ನು ಕಂಡು ಚಾಚಿಯೇ ಹೇಳಿದರು, “ನಿಮ್ಮವ್ವನ ಹತ್ರ ನಾ ಇರ್ತೇನಿ. ದವಾಖಾನ್ಯಾಗ ಓಡ್ಯಾಡಾಕ ನನಗ ಆಗೂದಿಲ್ಲ. ನೀ ಕರಕೊಂಡು ಹೋಗ ಬೇಟಾ.” ತನ್ನ ಗಂಡನನ್ನು ನನಗೆ ಒಪ್ಪಿಸಿ ನನ್ನ ಅವ್ವನ ಬಳಿ ಹೋಗಿ ಕುಳಿತ ಆ ಹೆಂಗಸಿಗೆ ನಾನು ಏನು ಕೊಟ್ಟರೂ ಕಡಿಮೆಯೇ.

ಆ ದಿನ ಹೊರಡುವಾಗ ಯಾರೂ ರೈಟ್ ಹೇಳಲಿಲ್ಲ.

ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿದ ಮೇಲೆ ಅವರಿಗೆ ಸ್ವಲ್ಪ ಗೆಲುವಾಯಿತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಹೃದಯಕ್ಕೆ ಬಹಳ ಪೆಟ್ಟಾಗಿದೆ, ಮಗನನ್ನು ಬೇಗ ಕರೆಸಿ ಎಂದರು. ಮಗ ಆಗಲೇ ಹೊರಟಿದ್ದ. ನಾನು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತೆ. ಚಾಚಾನ ಕಣ್ಣು ಗೋಡೆಯ ಗಡಿಯಾರದ ಕಡೆ ಹೋಯಿತು.

“ಐದ ಆಗಾಕ ಬಂತು,” ಅಂದರು ತಡೆತಡೆದು. “ನಿಮ್ಮವ್ವ ಹಾದಿ ನೋಡಾಕತ್ತಿರ್ತಾರ. ನೀ ಹೊಂಡು.”

“ಗಾಡಿ ಬಿಟ್ಟು ಹೋಗಬಾರದು ಅಂತ ನೀವ ಹೇಳೀರಿ ಚಾಚಾ.”

ಅವರು ಹೊದಿಕೆಯ ಮೇಲಿಂದ ನನ್ನ ಕೈ ಹುಡುಕಿ ಹಿಡಿದುಕೊಂಡರು. ಹಾಗೇ ಕುಳಿತೆವು. ಬೇವಿನ ಮರದ ಕೆಳಗೆ ಇವರು ಒಬ್ಬರೇ ಹೀಗೆ ಕುಳಿತಿದ್ದರಲ್ಲ ಎಂದು ನೆನೆದೆ.

ಕತ್ತಲಾಗುತ್ತಲೇ ಮಗ ಓಡುತ್ತ ಬಂದ. ಅವನನ್ನು ನೋಡಿ ಚಾಚಾ ನನ್ನ ಕೈ ಬಿಟ್ಟರು. “ಬಂದ್ರು ನೋಡ ಡಿಪೋದವ್ರು. ಇನ್ನ ನೀ ಹೊಂಡು ಯವ್ವಾ,” ಎಂದು ಮಂಚದ ಕಬ್ಬಿಣದ ಪಟ್ಟಿಯನ್ನು ಬೆರಳಿನಿಂದ ಮೆಲ್ಲಗೆ ಬಡಿದರು. “ರೈಟ್.” ಎರಡನೆಯ ರೈಟಿಗೆ ಉಸಿರು ಸಾಲಲಿಲ್ಲ.

ನಾನು ಮನೆಗೆ ಬಂದು, ಮೌಶಿಯನ್ನು ಬೇಡಿಕೊಂಡು ಕರೆಸಿ, ಚಾಚಿಯನ್ನು ದವಾಖಾನೆಗೆ ಬಿಟ್ಟು ಬಂದೆ. ಮರುದಿನ ಬೆಳಗಿನ ನಮಾಜಿನ ಹೊತ್ತಿಗೆ ಚಾಚಾ ತೀರಿಕೊಂಡರು. ಮಣ್ಣಿಗೆ ತಿಕೋಟಾದಿಂದ ಚಹಾದ ಅಂಗಡಿಯ ಗೆಳೆಯರೆಲ್ಲ ಬಂದಿದ್ದರು. ವಯಸ್ಸಾದವರನ್ನು ಸಂಜೆ ನಾನೇ ಕಾರಿನಲ್ಲಿ ಊರಿಗೆ ಮುಟ್ಟಿಸಿದೆ.

ಕಾರು ಈಗಲೂ ಇದೆ. ನನ್ನ ನೌಕರಿ ಇದೆ, ಅವ್ವ ಇದ್ದಾಳೆ. ಈ ಮೂರೂ ನನಗೆ ಉಳಿದದ್ದು ಅವರಿಂದ. ಅವರು ಹೋದ ಮೇಲೆ ಮೊದಲ ಸಲ ಶಾಲೆಗೆ ಹೊರಟ ದಿನ ಕಾರು ಚಾಲೂ ಮಾಡಿ, ಗೇರಿನ ಮೇಲೆ ಕೈ ಇಟ್ಟು ಸುಮ್ಮನೆ ಕುಳಿತುಬಿಟ್ಟೆ. ಕೈ ಮುಂದೆ ಹೋಗಲೊಲ್ಲದು. ಹೊತ್ತಾಗುತ್ತಿತ್ತು. ಆಗ ನಮ್ಮ ಮನೆಯ ಕಿಟಕಿಯ ಸರಳು ಪಟಪಟ ಸದ್ದು ಮಾಡಿತು. ಅವ್ವ ಕಾಟಿನ ಮೇಲೆ ಮಲಗಿದ್ದಲ್ಲಿಂದಲೇ ಬಲವಿರುವ ಕೈ ಚಾಚಿ ಬಡಿಯುತ್ತಿದ್ದಳು. ಆಕೆಯ ಮಾತು ಇನ್ನೂ ತೊದಲು. ರೈಟ್ ಎಂದರೆ ಐಟ್ ಎಂದು ಕೇಳಿಸುತ್ತದೆ. ಈಗ ದಿನಾಲೂ ಅವಳೇ ಹೇಳುತ್ತಾಳೆ, ಎರಡು ಸಲ. ಆಮೇಲೆ ನಾನು ಗೇರು ಹಾಕುತ್ತೇನೆ.