ಎಲ್ಲಿತನಕ ತಿಳೀತು?

ನೀಲಕ್ಕನ ಮುಂದೆ "ಹೌದ್ರಿ" ಅಂದರೆ ಮುಗಿಯಿತು. ಕೈಯಲ್ಲಿದ್ದ ಪೆನ್ನನ್ನು ಜಡೆಗೆ ಸಿಕ್ಕಿಸಿ, ಪುಸ್ತಕ ಮುಚ್ಚಿ, ಎದುರಿಗಿದ್ದವಳ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. "ಹೌದ್ರಿ ಅಂದ್ರ ತಿಳೀತು ಅಂತನೋ, ಇನ್ನ ನನ್ನ ಬಿಟ್ಟಬಿಡ್ರಿ ಅಂತನೋ?"

ನಮ್ಮ ಕಡೆ "ಹೌದ್ರಿ" ಒಪ್ಪಿಗೆಯ ಮಾತಲ್ಲ, ಮರ್ಯಾದೆಯ ಮಾತು. ಡಾಕ್ಟರು ಮಾತ್ರೆ ಕೊಟ್ಟರೆ ಹೌದ್ರಿ, ಕಂಡಕ್ಟರು ಬೈದರೂ ಹೌದ್ರಿ, ಇನ್ನು ಕ್ಲಾಸಿನಲ್ಲಿ ಸರ್ ಏನಾದರೂ ಕೇಳಿದರಂತೂ ಬೇರೆ ಉತ್ತರವೇ ಇಲ್ಲ. ಆಳಂದದಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿ, ಅರ್ಥಶಾಸ್ತ್ರದ ಎಂ.ಎ.ಗೆಂದು ವಿಶ್ವವಿದ್ಯಾಲಯಕ್ಕೆ ಬಂದ ನಾನು, ಮೊದಲ ಕೆಲವು ವಾರ ಇಂಗ್ಲಿಷ್ ಪಾಠಗಳನ್ನೆಲ್ಲ ಈ ಒಂದೇ ಮಾತಿನಿಂದ ದಾಟಿದೆ.

ನಮ್ಮ ವಿಭಾಗದಲ್ಲಿ ಎರಡನೇ ವರ್ಷದ ಪ್ರತಿಯೊಬ್ಬರಿಗೂ ನಾಲ್ಕೈದು ಮಂದಿ ಹೊಸಬರನ್ನು ಒಪ್ಪಿಸುತ್ತಿದ್ದರು. ಅವರಿಗೆ 'ಮೆಂಟರ್' ಎಂದು ಹೆಸರು. ಹೆಚ್ಚಿನವರು ಒಮ್ಮೆ ಚಹಾ ಕುಡಿಸಿ, ಫೋನ್ ನಂಬರು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ನನ್ನ ಪಾಲಿಗೆ ಬಂದ ಜೇವರ್ಗಿಯ ನೀಲಾಂಬಿಕಾ ಹಾಗಲ್ಲ. ದಿನಾ ಸಂಜೆ ಗ್ರಂಥಾಲಯದ ಹಿಂದಿನ ಬೇವಿನ ಮರದ ಕಟ್ಟೆಗೆ ಬಂದು ಕೂರುತ್ತಿದ್ದಳು. ಗಿಡ್ಡ ಆಳು, ದೊಡ್ಡ ದನಿ, ಚೀಲದಲ್ಲಿ ಸದಾ ಹುರಿದ ಶೇಂಗಾ. ಮಾದನಹಿಪ್ಪರಗಾದಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಪ್ಪನಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದರೆ, ಗಿರಣಿಯ ಸದ್ದಿನಲ್ಲಿ 'ಮೆಂಟರ್' ಅವನಿಗೆ 'ಮೀಟರ್' ಎಂದು ಕೇಳಿಸಿತು. ಇವತ್ತಿಗೂ ಅವನು "ನಿಮ್ಮ ಮೀಟರ್ ಅಕ್ಕ ಹ್ಯಾಂಗದಾಳ?" ಎಂದೇ ಕೇಳುತ್ತಾನೆ.

"ತಿಳೀತೇನು?" ಎಂದು ನೀಲಕ್ಕ ಯಾರನ್ನೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ನಾವು ಹೌದ್ರಿ ಎಂದು ಜಾರಿಕೊಳ್ಳುತ್ತೇವೆಂದು ಆಕೆಗೆ ಗೊತ್ತಿತ್ತು. ಆಕೆ ಕೇಳುತ್ತಿದ್ದುದು "ಎಲ್ಲಿತನಕ ತಿಳೀತು?" ಎಂದು. ಏನೂ ತಿಳಿಯಲಿಲ್ಲ ಎಂದರೆ ಸಿಟ್ಟಾಗುತ್ತಿರಲಿಲ್ಲ, ಮೊದಲಿನಿಂದ ಶುರು ಮಾಡುತ್ತಿದ್ದಳು. ಆದರೆ ಹಾಗೆಂದವಳನ್ನು ಬಿಟ್ಟು ಎದ್ದುಹೋಗುವ ಹೆಣ್ಣೇ ಅಲ್ಲ. ಹಾಸ್ಟೆಲಿನಲ್ಲಿ ಊಟ ಮುಗಿದುಹೋದರೂ ಸರಿ, ತಿಳಿಯುವತನಕ ಕಟ್ಟೆ ಇಳಿಯುತ್ತಿರಲಿಲ್ಲ.

ನನ್ನ ಮೊದಲ ಸಂಜೆಯ ಪಾಠ ನೆನಪಿದೆ. ಸರ್ ಅಂದು 'ಎಲಾಸ್ಟಿಸಿಟಿ' ಎಂದು ಗಂಟೆಗಟ್ಟಲೆ ಹೇಳಿದ್ದರು.

"ನಿಮ್ಮ ಗಿರಣ್ಯಾಗ ಜ್ವಾಳ ಬೀಸೋ ರೇಟ್ ಏರಿಸಿದ್ರ ಮಂದಿ ಬರೂದು ಬಿಡ್ತಾರೇನು?" ನೀಲಕ್ಕ ಕೇಳಿದಳು.

"ಎಲ್ಲಿ ಬಿಡ್ತಾರ್ರಿ, ರೊಟ್ಟಿ ಉಣ್ಣಬೇಕಲ್ಲ."

"ಮತ್ತ ಖಾರ ಕುಟ್ಟೋ ರೇಟ್?"

"ಅದನ್ನ ಏರಿಸಿದ್ರ ಬರಾಂಗಿಲ್ರಿ, ಮನ್ಯಾಗ ಒಳಕಲ್ಲಾಗ ಕುಟ್ಟಿಕೋತಾರ."

"ಅಷ್ಟ. ರೇಟ್ ಏರಿದ್ರ ಗಿರಾಕಿ ಎಷ್ಟ ಕಡಿಮ್ಯಾಗ್ತದ, ಅದಕ್ಕ ಎಲಾಸ್ಟಿಸಿಟಿ ಅಂತಾರ."

"ಅಂದ್ರ... ನಾವು ಬಿ.ಎ.ದಾಗ ಓದಿದ ಸ್ಥಿತಿಸ್ಥಾಪಕತ್ವ ಏನ್ರಿ?"

ನೀಲಕ್ಕ ಹಣೆ ಹಣೆ ಬಡಿದುಕೊಂಡು ನಕ್ಕಳು. "ಅಷ್ಟುದ್ದ ಹೆಸರು ಬಾಯಿಗೆ ಬರ್ತದ, ಇಷ್ಟ ಸಣ್ಣದಕ್ಕ ಅಂಜಾಕತ್ತೀಯಲ್ಲ ಬೇ!"

ಹಾಗೆಂದು ಎಲ್ಲವೂ ಸರಿಹೋಗಲಿಲ್ಲ. ಮೊದಲ ಟೆಸ್ಟಿನಲ್ಲಿ ನಪಾಸಾದೆ. ಅತ್ತು ಅತ್ತು ಚೀಲ ಕಟ್ಟಿ, ಕರೆದುಕೊಂಡು ಹೋಗು ಎಂದು ಅಪ್ಪನಿಗೆ ಫೋನು ಮಾಡಿದೆ. ಮರುದಿನ ಅವನು ಗಿರಣಿ ಬಂದ್ ಮಾಡಿ ಬಂದ. ಹೋಗುವ ಮುಂಚೆ ನೀಲಕ್ಕನಿಗೆ ಹೇಳಿ ಹೋಗೋಣವೆಂದು ಇಬ್ಬರೂ ಕಟ್ಟೆಯ ಹತ್ತಿರ ಹೋದೆವು.

"ಖರೇ ಹೇಳವ್ವ," ಅಪ್ಪ ಕೇಳಿದ, "ಇಲ್ಲೇ ಬಿಟ್ರ ನಮ್ಮ ಹುಡುಗಿ ಪಾಸ್ ಆಗ್ತಾಳ?"

ಆಗಲೇ ನನಗೆ ಅರಿವಾದದ್ದು, ನನಗೆ ಊರಿಗೆ ಹೋಗುವ ಮನಸ್ಸು ಚೂರೂ ಇಲ್ಲವೆಂದು. ಈಕೆ ಇದೊಂದು ಸಲ ಹೌದ್ರಿ ಅಂದುಬಿಡಲಿ ಎಂದು ಮನಸ್ಸಿನಲ್ಲೇ ಕೈಮುಗಿದೆ.

"ಗೊತ್ತಿಲ್ರಿ ಕಾಕಾ," ಎಂದಳು ನೀಲಕ್ಕ. "ಆದ್ರ ಎಲ್ಲಿತನಕ ತಿಳದದ ಅನ್ನೂದು ನನಗ ಗೊತ್ತದ. ಅಲ್ಲಿಂದ ಮುಂದ ಹೇಳಿಕೊಡಾಕತ್ತೇನಿ. ನೀವು ಕರಕೊಂಡ ಹೋದ್ರ ಅದು ಅಲ್ಲೇ ನಿಲ್ತದ್ರಿ."

ಅಪ್ಪ ನನ್ನ ಚೀಲವನ್ನು ಹೆಗಲಿನಿಂದ ಇಳಿಸಿ ಕಟ್ಟೆಯ ಮೇಲಿಟ್ಟ. "ಇಲ್ಲೇ ಇರು. ಈಕಿ ಸುಳ್ಳ ಹೇಳಾಕಿ ಅಲ್ಲ." ನೀಲಕ್ಕ ಕೊಟ್ಟ ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತ ಬಸ್ಸಿಗೆ ನಡೆದ.

ಆ ಸೆಮಿಸ್ಟರಿನಲ್ಲಿ ನಾನು ಪಾಸಾದೆ. ಆ ವರ್ಷವೇ ನೀಲಕ್ಕನ ಓದು ಮುಗಿಯಿತು, ಕೆಲವು ತಿಂಗಳಿಗೆ ವಿಜಯಪುರದ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಅಷ್ಟರಲ್ಲಿ ನಾನು ಎರಡನೇ ವರ್ಷಕ್ಕೆ ಬಂದು ಮೆಂಟರ್ ಆಗಿದ್ದೆ, ನನ್ನ ಪಾಲಿಗೆ ಬಂದ ಹೊಸಬರ ಸುದ್ದಿಯೆಲ್ಲ ಆಕೆಗೆ ಹೇಳಿದ್ದೆ. ಆಕೆಯನ್ನು ಕಳಿಸಿಬರಲು ಜೇವರ್ಗಿಯ ಬಸ್ ನಿಲ್ದಾಣಕ್ಕೆ ಹೋದೆ. ಸೀಟು ಹಿಡಿದು ಕೂತ ಮೇಲೂ ಕಿಟಕಿಯಿಂದ ಆಕೆಯ ಪಾಠ ನಡೆದೇ ಇತ್ತು.

"ಆ ಗೊಬ್ಬೂರದ ಹುಡುಗಿ ಅದಾಳಲ್ಲ, ಆಕಿ ತಿಳೀಲಿಲ್ಲ ಅಂದ್ರ ನಗ್ತಾಳ. ನಕ್ಕಳು ಅಂತ ನೀ ಮುಂದ ಹೋಗಬ್ಯಾಡ. ಮೊದಲ ಊರ ಸುದ್ದಿ ಕೇಳು, ಆಮ್ಯಾಲ ಪುಸ್ತಕ ತಗಿ. ಎಲ್ಲಿತನಕ ತಿಳೀತು?"

ಡ್ರೈವರ್ ಬಸ್ಸು ಚಾಲೂ ಮಾಡಿದ. ನಾನು ಕಿಟಕಿಯ ಸರಳು ಬಿಡಲಿಲ್ಲ.

"ಏನೂ ತಿಳೀಲಿಲ್ಲಕ್ಕ," ಎಂದೆ.

ನೀಲಕ್ಕ ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಚೀಲಗಳನ್ನು ಎಳೆದುಕೊಂಡು, ಕಂಡಕ್ಟರನ ಗೊಣಗಾಟವನ್ನು ಕಿವಿಗೆ ಹಾಕಿಕೊಳ್ಳದೆ, ಕೆಳಗಿಳಿದೇ ಬಿಟ್ಟಳು. "ಮುಂದಿನ ಬಸ್ಸಿಗೆ ಹೋದ್ರಾತು. ಕೂಡು."

ಕಲ್ಲುಬೆಂಚಿನ ಮೇಲೆ ಕೂತು, ಶೇಂಗಾದ ಪೊಟ್ಟಣ ಬಿಚ್ಚಿ, ಗೊಬ್ಬೂರದ ಹುಡುಗಿಯಿಂದ ಹಿಡಿದು ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದಳು. ನಾನು ಆಕೆಯ ದನಿಯನ್ನಷ್ಟೇ ಕೇಳುತ್ತ ಕೂತೆ. ಮುಂದಿನ ಬಸ್ಸು ಬಂದು ನಿಂತಿತು.

"ಈಗ ಹೇಳು, ಎಲ್ಲಿತನಕ ತಿಳೀತು?"

ಇನ್ನೊಮ್ಮೆ ತಿಳಿಯಲಿಲ್ಲ ಎಂದಿದ್ದರೆ ಆ ಬಸ್ಸನ್ನೂ ಬಿಡುತ್ತಿದ್ದಳು. ನಾನು ಎದ್ದು, ಆಕೆಯ ಚೀಲ ಎತ್ತಿ ಕೈಗೆ ಕೊಟ್ಟು, "ಹೌದ್ರಿ" ಎಂದೆ.

ಹೌದ್ರಿ ಅಂದ್ರ ಏನಂತ ಅವತ್ತು ಆಕೆ ಕೇಳಲಿಲ್ಲ, ಚೀಲ ಹಿಡಿದು ಬಸ್ಸು ಹತ್ತಿದಳು.